ಒಂದು ರಾತ್ರಿಯ ಪ್ಲೇಟುಗಳು

1978ರಲ್ಲಿ ಶ್ರೀನಿವಾಸಪುರದ ಪೇಟೆಯ ಒಂದು ಮೈಕ್ ಸೆಟ್ ಅಂಗಡಿಗೆ ಕೆಲಸಕ್ಕೆ ಸೇರಿದಾಗ ನನಗೆ 14 ವರ್ಷ. ಮೊದಲ ವರ್ಷ ನನಗೆ ಸಿಕ್ಕ ಕೆಲಸ ಮರ ಹತ್ತುವುದು. ಅಲ್ಯುಮಿನಿಯಂ ಕಹಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಹುಣಸೆ ಮರದ ನೆತ್ತಿಗೆ ಹೋಗಬೇಕು. ಒಂದು ಕಹಳೆಯ ಬಾಯನ್ನು ಊರಿನ ಕಡೆಗೆ, ಇನ್ನೊಂದರ ಬಾಯನ್ನು ಪಕ್ಕದೂರಿನ ಕಡೆಗೆ ತಿರುಗಿಸಿ ಹಗ್ಗ ಬಿಗಿಯಬೇಕು. ಪಕ್ಕದೂರಿಗೆ ಕೇಳಿಸದಿದ್ದರೆ ಮದುವೆ ಮನೆಯವರು ಬಾಡಿಗೆ ಕೊಡುವಾಗ ಮುಖ ಸಿಂಡರಿಸುತ್ತಿದ್ದರು.

ಆ ಸಾಮಾನುಗಳ ಭಾರ ಇನ್ನೂ ನನ್ನ ಹೆಗಲಿಗೆ ನೆನಪಿದೆ. ಅಹುಜಾ ಆಂಪ್ಲಿಫೈಯರು, ಗ್ರಾಮಫೋನ್ ಪ್ಲೇಟು ತಿರುಗಿಸುವ ಪೆಟ್ಟಿಗೆ, ಕಹಳೆಯ ಹಿಂದಕ್ಕೆ ತಿರುಪಿ ಕೂರಿಸುವ ಯೂನಿಟ್ಟುಗಳು, ಬಣ್ಣದ ಬಲ್ಬಿನ ಸೀರಿಯಲ್ ಸೆಟ್ಟು, ಇವೆಲ್ಲದರ ಜೊತೆಗೆ 12 ವೋಲ್ಟಿನ ಬ್ಯಾಟರಿ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ಕರೆಂಟು ಕೊಟ್ಟಿದ್ದರು. ಅದಾಗಿ ಮುಕ್ಕಾಲು ಶತಮಾನ ಕಳೆದಿದ್ದರೂ ನಮ್ಮ ಕಡೆಯ ಹಳ್ಳಿಗಳಲ್ಲಿ ಕರೆಂಟನ್ನು ನಂಬಿ ಮೈಕು ಹಾಕುವ ಧೈರ್ಯ ನಮಗಿರಲಿಲ್ಲ. ಎತ್ತಿನ ಗಾಡಿಯಲ್ಲಿ ಬ್ಯಾಟರಿಯನ್ನು ಹುಲ್ಲಿನ ಮೇಲೆ ಕೂರಿಸಿಕೊಂಡೇ ಹೋಗುತ್ತಿದ್ದೆವು.

ಒಂದು ರಾತ್ರಿಗೆ ಎಷ್ಟು ಪ್ಲೇಟು, ಯಾವುದರ ಮೇಲೆ ಯಾವುದು ಎಂಬುದಕ್ಕೆ ಕ್ರಮವಿತ್ತು. ಮೊದಲು ವಿನಾಯಕ. ಹಿರಿಯರು ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿರುವ ಹೊತ್ತಿಗೆ ಘಂಟಸಾಲರ ತೆಲುಗು ಪದ್ಯಗಳು. ಊಟಕ್ಕೆ ಪಂಕ್ತಿ ಕೂತರೆ ರಾಜ್‌ಕುಮಾರ್ ಸಿನಿಮಾದ ಹಾಡು, ಪಿ.ಬಿ. ಶ್ರೀನಿವಾಸರ ದನಿ. ಬೀಗರು ಹೊಸೂರಿನವರೋ ಕೆಜಿಎಫ್‌ನವರೋ ಆಗಿದ್ದರೆ ಟಿ.ಎಂ. ಸೌಂದರರಾಜನ್ ಅವರ ತಮಿಳು ಹಾಡು ಬರಲೇಬೇಕು, ಇಲ್ಲದಿದ್ದರೆ ಬೀಗರಿಗೆ ಮರ್ಯಾದೆ ಮಾಡಿದಂತಾಗುತ್ತಿರಲಿಲ್ಲ. ಗಂಗಮ್ಮನ ಜಾತ್ರೆಯಾದರೆ ಎಲ್.ಆರ್. ಈಶ್ವರಿ ಹಾಡಿದ ಅಮ್ಮನ ಹಾಡುಗಳು. ಮುಳಬಾಗಿಲಿನ ಹೈದರ್ ವಲಿ ದರ್ಗಾದ ಉರುಸಿಗೆ ಹೋದಾಗ ಕವ್ವಾಲಿ, ನಡುವೆ ನಾಗೂರ್ ಹನೀಫಾ. ಕೋಳಿ ಕೂಗುವ ಹೊತ್ತಿಗೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ. ಒಂದು ಪ್ಲೇಟು ಮುಗಿದು ಇನ್ನೊಂದು ಶುರುವಾಗುವ ನಡುವೆ ಜನ ಮಾತಿಗೆ ಬೀಳಬಾರದು, ಆ ಸಂದಿನಲ್ಲೇ ಜಗಳ ಹುಟ್ಟುವುದು ಎನ್ನುತ್ತಿದ್ದರು ನಮ್ಮ ಯಜಮಾನರು. ಮುಳ್ಳು ಎತ್ತಿ, ಪ್ಲೇಟು ಬದಲಿಸಿ, ಮುಳ್ಳು ಇಳಿಸುವವರೆಗೂ ನಾನು ಉಸಿರು ಬಿಡುತ್ತಿರಲಿಲ್ಲ.

ಇದನ್ನು ಯಾರೂ ಬೆರಕೆ ಸಂಗೀತ ಎಂದು ಕರೆಯಲಿಲ್ಲ. ಶ್ರೀನಿವಾಸಪುರದಿಂದ ಮದನಪಲ್ಲಿ ಹತ್ತಿರ, ಮುಳಬಾಗಿಲಿನಿಂದ ಪಲಮನೇರು, ಮಾಲೂರಿನಿಂದ ಹೊಸೂರು. ನಾವು ಮನೆಯಲ್ಲಿ ತೆಲುಗು ಆಡುವವರು, ಅಪ್ಪನನ್ನು ಕರೆದದ್ದು ನಾಯನಾ ಎಂದೇ. ಅಕ್ಷರ ಕಲಿತದ್ದು ಕನ್ನಡದಲ್ಲಿ. ಸಂತೆಯಲ್ಲಿ ಮಾವು ಮಾರುವಾಗ ಉರ್ದು, ಗಣಿ ಕೆಲಸದವರ ಜೊತೆ ತಮಿಳು. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ತತ್ವಪದ ಕಟ್ಟಿದ್ದಾರೆ. ನಮ್ಮೂರ ಭಜನೆಯವರು ಒಂದಾದ ಮೇಲೆ ಒಂದು ಹಾಡುತ್ತಿದ್ದರು, ಭಾಷೆ ಬದಲಾದದ್ದನ್ನು ಯಾರೂ ಗಮನಿಸುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಮುಳಬಾಗಿಲಿನ ನರಸಿಂಹತೀರ್ಥ. ಹದಿನೈದನೇ ಶತಮಾನದಲ್ಲಿ ಅಲ್ಲಿದ್ದ ಶ್ರೀಪಾದರಾಜರು ಮಠದ ಸಂಸ್ಕೃತದ ನಡುವೆ ಕನ್ನಡ ಹಾಡುಗಳಿಗೆ ಜಾಗ ಕೊಟ್ಟವರು. ರಂಗವಿಠಲ ಅವರ ಅಂಕಿತ. ದಾಸರ ರಚನೆಗಳಲ್ಲಿ ಸುಳಾದಿ ಎಂಬ ಬಗೆಯೊಂದಿದೆ. ಅದರಲ್ಲಿ ಒಂದೇ ರಚನೆ ಧ್ರುವದಲ್ಲಿ ಹೊರಟು ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳದಿಂದ ತಾಳಕ್ಕೆ ದಾಟುತ್ತದೆ. 14 ಅಕ್ಷರದ ನಡಿಗೆಯಿಂದ 7 ಅಕ್ಷರದ ನಡಿಗೆಗೆ ಬರುವಾಗ ಹಾಡುವವನ ಮಾತು ತಾನೇ ಒತ್ತಿಕೊಂಡು ಬಿರುಸಾಗುತ್ತದೆ. ನಾನು ಸಂಗೀತ ಓದಿದವನಲ್ಲ. ನರಸಿಂಹತೀರ್ಥದ ಆರಾಧನೆಗೆ ಮೈಕು ಹಾಕಲು ಹೋಗಿ, ಆಂಪ್ಲಿಫೈಯರ್ ಪಕ್ಕ ಕೂತು ಕಿವಿಯಿಂದ ಕಲಿತದ್ದು ಇಷ್ಟು.

ಮೊನ್ನೆ ಅಕ್ಕನ ಮಗ ಹೇಳಿದ ಒಂದು ಕಥೆ ನನ್ನನ್ನು ನಿದ್ದೆಗೆಡಿಸಿತು. ಅವನು ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿಗೆ ಹೋಗುವ ಹುಡುಗ. ಬಿಡುವಿನಲ್ಲಿ ರ‍್ಯಾಪ್ ಬರೆಯುತ್ತಾನೆ. ಅಮೆರಿಕದ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ, ಸೆಡ್ಜ್‌ವಿಕ್ ಅವೆನ್ಯೂ 1520ನೇ ನಂಬರಿನ ವಠಾರದಲ್ಲಿ, 1973ರ ಆಗಸ್ಟ್ 11ರಂದು ಒಬ್ಬ ಹುಡುಗಿ ಶಾಲೆ ಶುರುವಾಗುವ ಮುಂಚೆ ಪಾರ್ಟಿ ಇಟ್ಟುಕೊಂಡಳಂತೆ. ಹೆಣ್ಣುಮಕ್ಕಳಿಗೆ 25 ಸೆಂಟು, ಗಂಡುಮಕ್ಕಳಿಗೆ 50 ಸೆಂಟು ಟಿಕೆಟ್ಟು. ಪ್ಲೇಟು ಹಾಕಿದವನು ಅವಳಣ್ಣ ಕ್ಲೈವ್ ಕ್ಯಾಂಪ್‌ಬೆಲ್, ಜಮೈಕಾದಿಂದ ಬಂದವನು, ಕೂಲ್ ಹರ್ಕ್ ಎಂದು ಹೆಸರಾದವನು. ಸೌಂಡ್ ಸೆಟ್ಟು ಅವರಪ್ಪನದು. ಹಾಡಿನಲ್ಲಿ ಮಾತು ನಿಂತು ಬರೀ ಡ್ರಮ್ಮು ಉಳಿಯುವ ಜಾಗಕ್ಕೆ ಕುಣಿಯುವವರಿಗೆ ಮೈದುಂಬುತ್ತದೆ ಎಂದು ಅವನು ಗಮನಿಸಿದ. ಅದೇ ಪ್ಲೇಟಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ಜಾಗ ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರು ಮಾಡಿ, ನಾಲ್ಕು ಗಳಿಗೆಯ ಡ್ರಮ್ಮನ್ನು ಬೇಕಾದಷ್ಟು ಹೊತ್ತು ಹಿಗ್ಗಿಸಿದ. ಅವನ ಗೆಳೆಯ ಕೋಕ್ ಲಾ ರಾಕ್ ಮೈಕು ಹಿಡಿದು, ಬಂದಿದ್ದ ಸ್ನೇಹಿತರ ಹೆಸರುಗಳನ್ನು ಲಯಕ್ಕೆ ಕೂರಿಸಿ ಕೂಗುತ್ತಿದ್ದ.

ಹೆಸರು ಕೂಗುತ್ತಿದ್ದ ಎಂದ ಕೂಡಲೇ ನನಗೆ ನಮ್ಮ ಮುಯ್ಯಿ ಓದುವವರು ಕಣ್ಣ ಮುಂದೆ ಬಂದರು. ಧಾರೆ ಮುಗಿದ ಮೇಲೆ ಚಪ್ಪರದಡಿ ಮೈಕು ಅವರ ಕೈಗೆ. ಇಂಥ ಊರಿನ ಇಂಥವರು 5 ರೂಪಾಯಿ ಓದಿಸಿರುತ್ತಾರೆ, ಇಂಥವರ ಅಳಿಯಂದಿರು ಒಂದು ಹಿತ್ತಾಳೆ ಬಿಂದಿಗೆ ಓದಿಸಿರುತ್ತಾರೆ. ಕನ್ನಡದ ಹೆಸರು, ತೆಲುಗಿನ ಬಿರುದು, ನಡುವೆ ಒಂದು ತಮಾಷೆ. ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಒಂದು ಗುಕ್ಕಿನಲ್ಲಿ ಆರು ಹೆಸರು ಉರುಳಿಸಬೇಕು ಎಂಬುದು ಒಳ್ಳೆ ಓದುಗಾರನಿಗೆ ಗೊತ್ತಿತ್ತು. ಒಬ್ಬರು ಓದಲು ಕೂತರೆ ಊಟ ಮುಗಿಸಿದವರೂ ಎದ್ದು ಹೋಗುತ್ತಿರಲಿಲ್ಲ.

ಆದರೆ ಆ ಬ್ರಾಂಕ್ಸಿನ ಡ್ರಮ್ಮು ನನ್ನನ್ನು ಕರೆದೊಯ್ದದ್ದು ಮೈಕಿನ ಹತ್ತಿರಕ್ಕಲ್ಲ, ನಾಯನ ಹತ್ತಿರಕ್ಕೆ. ನಮ್ಮದು ಮಾದಿಗರ ಕೇರಿ. ನಾಯನ ತಮಟೆ ಬಾರಿಸುವವರು. ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆ ಬಿದಿರ ಸೀಳು. ಹುಲ್ಲು ಉರಿಸಿ ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಮತ್ತೆ ಕಾಯಿಸಿ ಆಮೇಲೆ ಹೆಗಲಿಗೇರಿಸುವರು. ಊರ ದೇವರ ಮೆರವಣಿಗೆಗೆ ಒಂದು ಗತ್ತು, ಸಾವಿನ ಮನೆಗೆ ಒಂದು, ಕರಗಕ್ಕೆ ಒಂದು, ಊರಿಗೆ ಸುದ್ದಿ ಸಾರುವುದಕ್ಕೆ ಇನ್ನೊಂದು. ಕೇರಿಯಲ್ಲಿ ಕೂತೇ ನಮ್ಮಮ್ಮ ಗತ್ತು ಕೇಳಿ ಯಾರ ಮನೆಯಲ್ಲಿ ಏನಾಯಿತು ಎಂದು ಹೇಳುತ್ತಿದ್ದರು. ಕುಣಿಯುವವರು ಯಾವ ಏಟಿಗೆ ಹೆಜ್ಜೆ ಸಿಕ್ಕಿಸಿಕೊಂಡರೋ ಆ ಏಟನ್ನು ನಾಯನ ಬಿಡುತ್ತಿರಲಿಲ್ಲ. ಅವರು ಸುಸ್ತಾಗುವವರೆಗೂ ಅದನ್ನೇ ಸುತ್ತಿ ಸುತ್ತಿ ತಂದು ಕೊಡುತ್ತಿದ್ದರು. ಕೂಲ್ ಹರ್ಕ್ ಎರಡು ಪ್ಲೇಟಿನಲ್ಲಿ ಮಾಡಿದ್ದನ್ನು ಅವರು ಎರಡು ಕೋಲಿನಲ್ಲಿ ಮಾಡಿದ್ದರು.

ಎಲ್ಲರ ಮನೆಯ ಲಯ ಬಲ್ಲ ಆ ಕೈಗೆ ಎಲ್ಲರ ಮನೆಯ ಬಾಗಿಲು ಇರಲಿಲ್ಲ. ನಾನು ಮೈಕಿನ ಹುಡುಗನಾದ ಮೇಲೆ ಅದು ಇನ್ನೂ ಎದೆಗೆ ಇರಿಯುವಂತೆ ಕಂಡಿತು. ಒಂದು ಮದುವೆಯಲ್ಲಿ ಮೆರವಣಿಗೆ ಮುಗಿಯುತ್ತಲೇ ತಮಟೆಯವರನ್ನು ಚಪ್ಪರದಾಚೆ ನಿಲ್ಲಿಸಿದರು. ಮೈಕ್ ಇದೆಯಲ್ಲ, ಇನ್ನು ನೀವು ಬೇಡ ಎಂದರು. ಆಚೆ ನಿಂತವರಲ್ಲಿ ನಾಯನ ಒಬ್ಬರು. ಒಳಗೆ ಪ್ಲೇಟು ಬದಲಿಸುತ್ತಿದ್ದವನು ನಾನು, ಅಂಗಡಿಯ ಹುಡುಗ ಎಂಬ ಲೆಕ್ಕದಲ್ಲಿ ಒಳಗೆ ಬಂದಿದ್ದವನು. ಅವರಿಗೆ ಊಟ ಬಂದದ್ದು ಎಲ್ಲರದ್ದೂ ಆದ ಮೇಲೆ, ಬೇಲಿಯ ಪಕ್ಕಕ್ಕೆ. ಆ ರಾತ್ರಿ ನನ್ನ ಪ್ಲೇಟುಗಳಲ್ಲಿ ನಾಲ್ಕು ಭಾಷೆ, ಹತ್ತು ಬಗೆಯ ಸಂಗೀತ ಇದ್ದವು. ತಮಟೆಯ ಒಂದು ಪ್ಲೇಟೂ ಇರಲಿಲ್ಲ.

ಇದು ಬದಲಾಗಲು ಶುರುವಾದದ್ದು ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ. ಮಾಲೂರು ತಾಲ್ಲೂಕಿನ ಹುಣಸಿಕೋಟೆಯಲ್ಲಿ ನಡೆದ ಅನ್ಯಾಯದ ವಿರುದ್ಧ ಎದ್ದ ಹೋರಾಟ ನಮ್ಮ ಜಿಲ್ಲೆಯ ಕೇರಿ ಕೇರಿಯನ್ನೂ ತಟ್ಟಿತು. ಕವಿ ಸಿದ್ದಲಿಂಗಯ್ಯನವರ ಹಾಡುಗಳು ಬಂದವು. ನಮ್ಮವರೇ ಆದ ಕೋಟಿಗಾನಹಳ್ಳಿ ರಾಮಯ್ಯನವರು ಬರೆದರು, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಕೊರಳೆತ್ತಿ ಹಾಡಿದರು. ಆ ಸಭೆಗಳಲ್ಲಿ ತಮಟೆಯ ಬಗ್ಗೆ ಬಿಸಿ ಮಾತು ನಡೆಯುತ್ತಿತ್ತು. ಅದು ಜೀತದ ಗುರುತು, ಕೆಳಗಿಡಬೇಕು ಎನ್ನುವವರಿದ್ದರು. ಅದು ನಮ್ಮ ದನಿ, ವೇದಿಕೆಗೆ ತರಬೇಕು ಎನ್ನುವವರೂ ಇದ್ದರು. ನಾನು ಎರಡನೆಯವರ ಕಡೆ. ಆದರೂ ಮೊದಲನೆಯವರ ಮಾತಿನಲ್ಲಿದ್ದ ನೋವನ್ನು ನಾಯನ ಮುಖದಲ್ಲಿ ದಿನವೂ ನೋಡಿದವನು.

1984ರಲ್ಲಿ ಅಂಥ ಒಂದು ಸಭೆಗೆ ನಮ್ಮ ಅಂಗಡಿಯ ಸೆಟ್ಟು ಹೋಯಿತು. ಭಾಷಣಕ್ಕೆ ಮುಂಚೆ ತಮಟೆ. ನಾನು ಸ್ಟ್ಯಾಂಡು ಎತ್ತಿ ತಂದು ನಾಯನ ಮುಂದೆ ನಿಲ್ಲಿಸಿದೆ. ಹತ್ತಿರ ಇಟ್ಟರೆ ದನಿ ಒಡೆಯುತ್ತದೆ. ಮೂರು ಮೊಳ ದೂರ ಸರಿಸಿ, ಅರ್ಧಕ್ಕಿಂತ ಕೆಳಗೆ ವಾಲ್ಯೂಮ್ ಇಟ್ಟೆ. ಕಹಳೆಗೆ ದಪ್ಪ ದನಿ ಹಿಡಿಸುವುದಿಲ್ಲ, ಮೃದಂಗ ಅದರಲ್ಲಿ ಡಬ್ಬಿಯಂತೆ ಕೇಳುತ್ತದೆ. ತಮಟೆ ಮಾತ್ರ ಅದಕ್ಕೆ ಹೇಳಿ ಮಾಡಿಸಿದ್ದು. ಬಿದಿರ ಸೀಳಿನ ಏಟು ಬೆಟ್ಟಕ್ಕೆ ಬಡಿದು ವಾಪಸು ಬಂತು. ಪಕ್ಕದೂರಿನವರೂ ಕೇಳಿಸಿಕೊಂಡರು. ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ಅದನ್ನು ಹಿಡಿದುಕೊಂಡೆ. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ.

ಆಮೇಲಿನ ಕಾಲ ಬೇಗ ಓಡಿತು. ಪ್ಲೇಟು ಹೋಗಿ ಕ್ಯಾಸೆಟ್ಟು, ಕ್ಯಾಸೆಟ್ಟು ಹೋಗಿ ಸಿಡಿ, ಪೆನ್ ಡ್ರೈವು. 2000ದ ಶಬ್ದಮಾಲಿನ್ಯ ನಿಯಮದಿಂದ ರಾತ್ರಿ 10 ಗಂಟೆಗೆ ಮೈಕು ನಿಲ್ಲಬೇಕಾಯಿತು. ಸುಪ್ರಭಾತದವರೆಗಿನ ನಮ್ಮ ರಾತ್ರಿಗಳು ಅಲ್ಲಿಗೆ ಮುಗಿದವು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಕೆಜಿಎಫ್‌ನ ಬೀಗರ ಮದುವೆಗಳ ಗತ್ತೂ ಇಳಿಯಿತು. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಶುರುವಾದಾಗ, ತಿಂಗಳ ಬೆಳಕಿನಲ್ಲಿ ತಮಟೆ ಕೇಳಲು ಪೇಟೆಯವರು ಬೆಟ್ಟ ಹತ್ತಿ ಬಂದದ್ದನ್ನು ನೋಡಿ ನನಗೆ ಕಣ್ಣು ತುಂಬಿತು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಆಗ ನಾಯನ ಇರಲಿಲ್ಲ.

ಅಕ್ಕನ ಮಗ ಈಗ ಆರು ಹಾಡಿನ ಆಲ್ಬಮ್ ಮಾಡುತ್ತಿದ್ದಾನೆ. ಚಂದನ್ ಶೆಟ್ಟಿ, ಆಲ್ ಓಕೆ, ರಾಹುಲ್ ಡಿಟ್ಟೊ ಇವರ ಹಾಡು ಕೇಳಿ ಬೆಳೆದವನು. ಕೆಂಡ್ರಿಕ್ ಲಾಮರ್ ಎಂಬ ಅಮೆರಿಕದ ರ‍್ಯಾಪರ್ 2015ರಲ್ಲಿ ತಂದ ಆಲ್ಬಮ್ಮನ್ನು ನನ್ನ ಕಿವಿಗೆ ಹಾಕಿ ಕೂರಿಸಿದ. ಅದರಲ್ಲಿ ಜಾಝ್, ಫಂಕ್, ಬರೀ ಮಾತು ಎಲ್ಲ ಹೆಣೆದುಕೊಂಡಿವೆ. ಇಂಗ್ಲಿಷ್ ನನಗೆ ಅರ್ಥವಾಗಲಿಲ್ಲ. ಅವರ ಹಿರಿಯರ ವಾದ್ಯಗಳನ್ನು ಆ ಹುಡುಗ ಒಳಗೆ ಕರೆದು ಕೂರಿಸಿದ್ದಾನೆ ಎಂಬುದು ಅರ್ಥವಾಯಿತು. ಮದರಾಸಿನಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಕಟ್ಟಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತಂಡ ಇನ್ನೂ ಹತ್ತಿರವೆನಿಸಿತು. ಗಾನಾ ಹಾಡು, ರ‍್ಯಾಪು, ನಮ್ಮ ತಮಟೆಯಂಥದೇ ಪರೈ ಎಲ್ಲ ಒಂದೇ ವೇದಿಕೆ ಮೇಲೆ. ಅದರಲ್ಲಿ ಹಾಡಿದ ಅರಿವು ಅರಕ್ಕೋಣದ ಕಡೆಯವನು. ಬಂಗಾರಪೇಟೆಯಿಂದ ಮದರಾಸಿಗೆ ಹೋಗುವ ರೈಲು ಅವನ ಊರು ದಾಟಿಯೇ ಹೋಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ನಾನು ಟ್ರಂಕಿನಿಂದ ಆ ಕ್ಯಾಸೆಟ್ಟು ತೆಗೆದೆ. ಟೇಪು ಬೂಸಲು ಹಿಡಿದಿತ್ತು. ಹತ್ತಿಯಲ್ಲಿ ಒರೆಸಿ, ಬೇರೆ ಚಿಪ್ಪಿಗೆ ಸುತ್ತಿ, ಹಳೇ ಡೆಕ್ಕಿನಲ್ಲಿ ಹಾಕಿ ಅವನ ಲ್ಯಾಪ್‌ಟಾಪಿಗೆ ತಂತಿ ಕೊಟ್ಟೆವು. ಕುಣಿಯುವವರಿಗೆ ಹೆಜ್ಜೆ ಸಿಕ್ಕಿದ ಜಾಗವನ್ನು ಅವನೇ ಗುರುತಿಸಿದ. ನಾಲ್ಕು ಸುತ್ತು ಕತ್ತರಿಸಿ, ತುದಿಗೆ ತುದಿ ಜೋಡಿಸಿ ಬಿಟ್ಟ. ನಾಯನ ಬಾರಿಸುತ್ತಲೇ ಇದ್ದರು. ಅದರ ಮೇಲೆ ಅವನು ತನ್ನ ಶಿಫ್ಟಿನ ಕಥೆಯನ್ನು ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ಜಾರಿಸಿಕೊಂಡು ಹೇಳಿದ.

“ಮಾಮಾ, ಶುರುನಲ್ಲಿ ಏನೋ ಚಟಪಟ ಅಂತೈತೆ, ಯಾರೋ ಮಾತಾಡ್ತಾರೆ. ತೆಗೆದುಬಿಡ್ಲಾ?” ಎಂದ.

ಹೆಡ್‌ಫೋನು ಇಸಿದುಕೊಂಡು ಕೇಳಿದೆ. ಚಟಪಟ ಎನ್ನುತ್ತಿದ್ದುದು ಹುಲ್ಲು. ನಾನೇ ಆತುರ ಮಾಡಿ, ಬಾರಿಸು ನಾಯನಾ, ಎಲ್ಲ ರೆಡಿ ಐತೆ ಎಂದಿದ್ದೆ. ಅದಕ್ಕೆ ಅವರ ಉತ್ತರ, ಸ್ವಲ್ಪ ದೂರದಿಂದ, ಬೆಂಕಿಯ ಕಡೆ ಬಗ್ಗಿಕೊಂಡೇ ಆಡಿದ್ದು: “ಉಂಡರಾ, ಇಂಕಾ ಕಾಗಲೇದು.” ತಡಿಯೋ, ಇನ್ನೂ ಕಾದಿಲ್ಲ.

ಅದು ಇರಲಿ ಎಂದೆ.