ಶಟರ್, ಕಪಾಟು, ಒದ್ದೆ ಕಾಗದ: ಅತುಲ್ ದೋಡಿಯಾ ಅವರ ಕಲೆ

ಮುಂಬೈಯ ಪರೇಲ್, ಲಾಲ್‌ಬಾಗ್ ಕಡೆ ಅಂಗಡಿಯ ಬಾಗಿಲೆಂದರೆ ತಗಡಿನ ಶಟರ್. ಗಿರಣಿಯ ಭೋಂಗಾ (ಸೈರನ್) ಕೂಗುತ್ತಿದ್ದ ಕಾಲದಲ್ಲೂ ಅದೇ, ಗಿರಣಿ ಜಾಗದಲ್ಲಿ ಗಾಜಿನ ಗೋಪುರಗಳೆದ್ದ ಮೇಲೂ ಒಳಗಲ್ಲಿಗಳಲ್ಲಿ ಅದೇ. ಆ ಶಟರಿನ ಮೇಲೆ ಚಿತ್ರ ಬರೆದು ಟೇಟ್ ಮಾಡರ್ನ್‌ವರೆಗೆ ಒಯ್ದವರು ಮುಂಬೈಯ ಅತುಲ್ ದೋಡಿಯಾ. ಜಲವರ್ಣ, ಕೊಲಾಜ್, ಬಣ್ಣ ಬಳಿದ ಮನೆಸಾಮಾನು, ಎಲ್ಲದರಲ್ಲೂ ಅವರ ಕೈ ಆಡಿದೆ. ಹೀಗೆ ಮಾಧ್ಯಮ ಬದಲಿಸುವುದು ಹಲವರಿಗೆ ಬರೀ ಚಪಲ. ದೋಡಿಯಾ ವಿಷಯದಲ್ಲಿ ಹಾಗನ್ನಿಸುವುದಿಲ್ಲ. ಹೇಳಬೇಕಾದ ಸಂಗತಿಗೆ ಯಾವ ವಸ್ತು ಒಗ್ಗುತ್ತದೋ ಅದನ್ನೇ ಅವರು ಕೈಗೆತ್ತಿಕೊಂಡಿದ್ದಾರೆ.

ಘಾಟ್ಕೋಪರ್‌ನಿಂದ ಜೆ.ಜೆ.ಗೆ

ದೋಡಿಯಾ ಹುಟ್ಟಿದ್ದು 1959ರಲ್ಲಿ, ಪೂರ್ವ ಉಪನಗರ ಘಾಟ್ಕೋಪರ್‌ನ ಗುಜರಾತಿ ಕುಟುಂಬದಲ್ಲಿ. 1982ರಲ್ಲಿ ಸರ್ ಜೆ.ಜೆ. ಕಲಾಶಾಲೆಯಿಂದ ಪದವಿ ಪಡೆದರು. ಅದೇ ವರ್ಷದ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಬಟ್ಟೆ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಘಾಟ್ಕೋಪರ್‌ನಿಂದ ಕೋಟೆ ಕಡೆ ಹೊರಟ ಸ್ಲೋ ಟ್ರೇನು ಪರೇಲ್, ಕರಿ ರೋಡ್, ಚಿಂಚ್‌ಪೋಕ್ಲಿಯ ಗಿರಣಿ ಚಿಮಣಿಗಳ ನಡುವೆಯೇ ಹಾದುಹೋಗಬೇಕು. ಆ ಕಾಲದ ಜೆ.ಜೆ. ವಿದ್ಯಾರ್ಥಿಗೆ ನಗರ ಬದಲಾಗುವುದನ್ನು ನೋಡಲು ಬೇರೆಲ್ಲಿಗೂ ಹೋಗಬೇಕಿರಲಿಲ್ಲ.

ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತು, ಕಲಿಸಿದ್ದೂ ಇದೇ ಜೆ.ಜೆ.ಯಲ್ಲಿ. ಮುಂಬೈಯ ಚಿತ್ರಕಲೆಯೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವ ಹೆಸರು ಅವರದು. ದೋಡಿಯಾ ಹೆಬ್ಬಾರರಿಗಿಂತ ಎರಡು ತಲೆಮಾರು ಈಚಿನವರು.

1989ರಲ್ಲಿ ಕೆಮೋಲ್ಡ್ ಗ್ಯಾಲರಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನವಾಯಿತು. 1991–92ರಲ್ಲಿ ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸ್‌ನಲ್ಲಿದ್ದರು.

ಅಂಟಿಸುವ ಕಣ್ಣು

ಕತ್ತರಿ, ಅಂಟು ಇಲ್ಲದೆಯೂ ಕೊಲಾಜ್ ಮಾಡಬಹುದು ಎಂಬುದಕ್ಕೆ ಅವರ 1994ರ ‘ದಿ ಬಾಂಬೆ ಬಕನೀರ್’ ನೋಡಬೇಕು. ಹಿಂದಿನ ವರ್ಷ ತೆರೆಕಂಡಿದ್ದ ‘ಬಾಜಿಗರ್’ ಸಿನಿಮಾದ ಪೋಸ್ಟರಿನಲ್ಲಿ ಶಾರುಖ್ ಖಾನ್ ಇರುವ ಜಾಗದಲ್ಲಿ ದೋಡಿಯಾ ತಮ್ಮನ್ನೇ ಬರೆದುಕೊಂಡರು. ನಾಯಕನ ತಂಪು ಕನ್ನಡಕದ ಗಾಜಿನಲ್ಲಿ ಇಬ್ಬರು ಚಿತ್ರಕಾರರು ಬಿಂಬಿಸುತ್ತಾರೆ: ಇಂಗ್ಲೆಂಡಿನ ಡೇವಿಡ್ ಹಾಕ್ನಿ, ಬರೋಡದ ಭೂಪೇನ್ ಖಖ್ಖರ್. ತನ್ನ ಗುರುಗಳು ಯಾರು ಎಂದು ಹೇಳಿಕೊಳ್ಳಲು ಇಷ್ಟು ತುಂಟ ದಾರಿ ಹಿಡಿದವರು ಕಡಿಮೆ.

ಮುಂದೆ ಅವರ ಕೆಲಸದಲ್ಲೆಲ್ಲ ಇದೇ ಕಣ್ಣು ಕಾಣುತ್ತದೆ. ಕ್ಯಾಲೆಂಡರ್ ದೇವರು, ಪತ್ರಿಕೆಯ ಫೋಟೋ, ಯುರೋಪಿನ ಹಳೆಯ ವರ್ಣಚಿತ್ರ, ಗುಜರಾತಿ ಕವಿತೆಯ ಸಾಲು ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ಕೂರುತ್ತವೆ. 2005ರ ಸುಮಾರಿಗೆ ಸಿಂಗಪುರದ ಟೈಲರ್ ಮುದ್ರಣ ಸಂಸ್ಥೆಯಲ್ಲಿ ಕಾಗದದ ತಿರುಳಿನಿಂದಲೇ ಮಾಡಿದ ಸರಣಿಯಲ್ಲಿ ನಂದಲಾಲ್ ಬೋಸರ ಶಬರಿಯನ್ನು ಮತ್ತೆ ಕರೆತಂದರು. ‘ಸಪ್ತಪದಿ’ ಸರಣಿಗೆ ಆಯ್ದುಕೊಂಡದ್ದು ಸನ್‌ಮೈಕಾದಂಥ ಲ್ಯಾಮಿನೇಟ್ ಹಾಳೆ. ಬಡಗಿ ಟೇಬಲ್ಲಿಗೂ ವಾರ್ಡ್‌ರೋಬಿಗೂ ಅಂಟಿಸುವ ಹಾಳೆ ಅದು. ದಾಂಪತ್ಯದ ಚಿತ್ರಕ್ಕೆ ಮನೆಸಾಮಾನಿನ ಮೈಯನ್ನೇ ಬಳಸಿದ್ದು ಸರಿಯಾದ ಆಯ್ಕೆ ಎನ್ನಲೇಬೇಕು.

ಬಾಪುವಿಗೆ ಜಲವರ್ಣ

1999ರಲ್ಲಿ ಪ್ರದರ್ಶನಗೊಂಡ ‘ಆ್ಯನ್ ಆರ್ಟಿಸ್ಟ್ ಆಫ್ ನಾನ್-ವಯಲೆನ್ಸ್’ ಗಾಂಧೀಜಿಯನ್ನು ಕುರಿತ ಜಲವರ್ಣಗಳ ಸರಣಿ. ಹಳೆಯ ಫೋಟೋಗಳೇ ಇವಕ್ಕೆ ಮೂಲ. ಜುಹು ಕಡಲತೀರದಲ್ಲಿ ಕೋಲಿನ ತುದಿ ಹಿಡಿದ ಹುಡುಗನ ಹಿಂದೆ ನಡೆಯುವ 1937ರ ಗಾಂಧಿ ಒಂದರಲ್ಲಿ. ಉಪ್ಪಿನ ಕಾಯ್ದೆ ಮುರಿಯುವ ಮುನ್ನ ಸಮುದ್ರಸ್ನಾನ ಮಾಡುವ ಗಾಂಧಿ ಇನ್ನೊಂದರಲ್ಲಿ. ಕಾಗದದ ಅಳತೆ ಹೆಚ್ಚುಕಡಿಮೆ ಆಳೆತ್ತರ. ಬಣ್ಣದ ಜೊತೆ ಅಮೃತಶಿಲೆಯ ಪುಡಿಯನ್ನೂ ಬಳಸಿದ್ದರಿಂದ ಮೈ ತುಸು ತರಿತರಿಯಾಗುತ್ತದೆ, ಹಳೆಯ ಗೋಡೆಯ ಸುಣ್ಣದಂತೆ.

ಜಲವರ್ಣವೇ ಯಾಕೆ? ತೈಲವರ್ಣದಲ್ಲಿ ತಪ್ಪಿದ್ದನ್ನು ಕೆರೆದು ಮತ್ತೆ ಬರೆಯಬಹುದು. ನೀರಿನ ಬಣ್ಣ ಒಮ್ಮೆ ಕಾಗದಕ್ಕೆ ಇಳಿದರೆ ಇಳಿದಂತೆ. ಕೈ ಹಗುರವಿರಬೇಕು, ಬಿಟ್ಟ ಖಾಲಿ ಜಾಗವೂ ಮಾತಾಡಬೇಕು. ಪ್ರತಿಮೆಯಾಗಿ ಕಲ್ಲುಗಟ್ಟಿದ ಗಾಂಧಿಯನ್ನು ಮತ್ತೆ ಮೈಯುಳ್ಳ ಮನುಷ್ಯನಾಗಿಸಲು ಈ ಮಾಧ್ಯಮ ಒದಗಿಬಂದಿದೆ. 2007ರಲ್ಲಿ ಜರ್ಮನಿಯ ಕಾಸೆಲ್‌ನ ಡಾಕ್ಯುಮೆಂಟಾ 12ಕ್ಕೆ ಹೋದ ‘ಆ್ಯಂಟ್ಲರ್ ಆಂಥಾಲಜಿ’ಯೂ ಜಲವರ್ಣವೇ, ಅದರಲ್ಲಿ ಗುಜರಾತಿ ಕಾವ್ಯವಿದೆ.

ಪತ್ನಿ ಅಂಜು ದೋಡಿಯಾ ಕೂಡ ಹೆಸರಾಂತ ಕಲಾವಿದೆ. ಜಲವರ್ಣದಲ್ಲಿ ಪಳಗಿದ ಅವರು ಹಾಸಿಗೆಯಂತೆ ಹೊಲಿದ ಮೆತ್ತೆಗಳ ಮೇಲೂ ಚಿತ್ರ ಬರೆದಿದ್ದಾರೆ.

ಶಟರ್: ಎರಡು ಚಿತ್ರ, ಒಂದು ಅಂಗಡಿ

1992ರ ಡಿಸೆಂಬರ್ ಮತ್ತು 1993ರ ಜನವರಿಯ ಗಲಭೆಗಳಲ್ಲಿ, ಮಾರ್ಚ್ 12ರ ಸರಣಿ ಸ್ಫೋಟದಲ್ಲಿ ಮುಂಬೈ ಬೆಚ್ಚಿತು. ಗಲಾಟೆಯ ಸುಳಿವು ಸಿಕ್ಕರೆ ಸಾಕು, ಬೀದಿಗೆ ಬೀದಿಯೇ ಶಟರ್ ಎಳೆಯುತ್ತಿತ್ತು. 2001ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ‘ಸೆಂಚುರಿ ಸಿಟಿ’ ಪ್ರದರ್ಶನ ಏರ್ಪಡಿಸಿದಾಗ ಅದರ ಮುಂಬೈ ವಿಭಾಗವನ್ನು ಗೀತಾ ಕಪೂರ್ ಮತ್ತು ಆಶಿಷ್ ರಾಜಾಧ್ಯಕ್ಷ ರೂಪಿಸಿದರು. ದೋಡಿಯಾ ಅವರ ಶಟರ್‌ಗಳು ಅಲ್ಲಿದ್ದವು.

ತಗಡಿನ ಮೇಲೆ ಎನಾಮಲ್ ಪೇಂಟಿನ ಒಂದು ಚಿತ್ರ. ಶಟರ್ ಮೇಲೆತ್ತಿದರೆ ಹಿಂದೆ ಇನ್ನೊಂದು. ‘ಮಹಾಲಕ್ಷ್ಮಿ’ ಎಂಬ ಕೃತಿಯಲ್ಲಿ ಹೊರಗೆ ಕ್ಯಾಲೆಂಡರಿನ ಲಕ್ಷ್ಮಿ, ಯಾವ ಅಂಗಡಿಯಲ್ಲೂ ಕಾಣುವಂಥವಳು. ಶಟರ್ ಸುರುಳಿ ಸುತ್ತಿ ಮೇಲೇರಿದರೆ, ವರದಕ್ಷಿಣೆಯ ಸಂಕಟಕ್ಕೆ ಸೀಲಿಂಗ್ ಫ್ಯಾನಿಗೆ ನೇಣು ಹಾಕಿಕೊಂಡ ಅಕ್ಕತಂಗಿಯರು. ತಗಡಿನ ಅಡ್ಡ ಪಟ್ಟಿಗಳು ದೇವಿಯ ಮುಖವನ್ನು ಸಾಲು ಸಾಲಾಗಿ ಸೀಳಿರುತ್ತವೆ. ಒಳಗಿನ ಚಿತ್ರಕ್ಕೆ ಆ ಸೀಳಿಲ್ಲ. ಎರಡನ್ನೂ ಪೂರ್ತಿಯಾಗಿ ಒಟ್ಟಿಗೆ ನೋಡಲಾಗುವುದಿಲ್ಲ. ಒಂದು ಕಾಣಬೇಕಾದರೆ ಇನ್ನೊಂದು ಮರೆಯಾಗಬೇಕು. ಅವರ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಗಟ್ಟಿಯೆನಿಸುವುದು ಈ ಶಟರ್‌ಗಳೇ.

ಪರೇಲ್ ಪರಿಸರವನ್ನು ನೇರವಾಗಿ ಬರೆದವರು ಸುಧೀರ್ ಪಟವರ್ಧನ್. ಥಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದ ಈ ಕಲಾವಿದರ ‘ಲೋವರ್ ಪರೇಲ್’ ಕೂಡ 2001ರದ್ದೇ. ಅವರು ಬೀದಿಯನ್ನು ಕ್ಯಾನ್‌ವಾಸಿನೊಳಗೆ ತರುತ್ತಾರೆ. ದೋಡಿಯಾ ಬೀದಿಯ ಸಾಮಾನನ್ನೇ ಎತ್ತಿಕೊಂಡು ಗ್ಯಾಲರಿಗೆ ಬರುತ್ತಾರೆ.

ಕಪಾಟು

ಪೀಠೋಪಕರಣಕ್ಕೂ ಚಿತ್ರಕ್ಕೂ ಮುಂಬೈಯಲ್ಲಿ ಹಳೆಯ ನಂಟಿದೆ. ಸಿನಿಮಾ ಹೋರ್ಡಿಂಗ್ ಬರೆಯುತ್ತಿದ್ದ ಎಂ.ಎಫ್. ಹುಸೇನ್ 1940ರ ದಶಕದಲ್ಲಿ ಮಕ್ಕಳ ಕೋಣೆಯ ಪೀಠೋಪಕರಣ, ಮರದ ಆಟಿಕೆಗಳನ್ನು ವಿನ್ಯಾಸ ಮಾಡಿ ಹೊಟ್ಟೆ ಹೊರೆದರು. ಆದರೆ ಅದು ನೌಕರಿ.

ದೋಡಿಯಾ ಅವರ ‘ಬ್ರೋಕನ್ ಬ್ರಾಂಚಸ್’ ಬೇರೆಯೇ ಬಗೆ. ಪೋರಬಂದರಿನ ಗಾಂಧಿ ಸ್ಮಾರಕ ಸಂಗ್ರಹಾಲಯದ ಕಪಾಟುಗಳನ್ನು ನೋಡಿ, ಗುಜರಾತ್ ಹಿಂಸಾಚಾರ ನಡೆದ 2002ರಲ್ಲಿ ಮಾಡಿದ ಒಂಬತ್ತು ಮರದ ಕಪಾಟುಗಳಿವು. ಗಾಜಿನ ಹಿಂದೆ ಕೈಯಿಂದ ಬಣ್ಣ ತುಂಬಿದ ಫೋಟೋಗಳು, ಕೃತಕ ಕಾಲುಗಳು, ಉಪಕರಣಗಳು, ಮೂಳೆಗಳು. ಪೂಜ್ಯ ವಸ್ತುಗಳನ್ನಿಡುವ ಜಾಗದಲ್ಲಿ ಊನಗೊಂಡ ಮೈಯ ಬಿಡಿಭಾಗಗಳು. ಕೆಲವು ಕಪಾಟುಗಳಲ್ಲಿ ಸಾಮಾನು ಕಿಕ್ಕಿರಿದು, ಯಾವುದನ್ನು ನೋಡಬೇಕೆಂದು ತೋಚುವುದಿಲ್ಲ. ಅಲ್ಲಿ ಸಂಗ್ರಾಹಕನ ಆಸೆ ಕಲಾವಿದನನ್ನು ಮೀರಿದೆ. ಆದರೂ 2019ರ ವೆನಿಸ್ ಬಿಯೆನಾಲೆಯ ಭಾರತ ಮಂಟಪದಲ್ಲಿ, ನಂದಲಾಲ್ ಬೋಸರು ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಬರೆದ ಚಿತ್ರಗಳ ಜೊತೆಗೆ ಇವು ನಿಂತದ್ದು ಸಹಜವೇ.

ಸಂಗ್ರಹಾಲಯದ ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ಪರೇಲ್‌ನಿಂದ ಮೂರು ಸ್ಟೇಷನ್ ದಕ್ಷಿಣಕ್ಕೆ, ಭಾಯಖಳಾದ ರಾಣಿಬಾಗ್ ಬಳಿಯ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯದಲ್ಲಿ 2014ರಲ್ಲಿ ‘7000 ಮ್ಯೂಸಿಯಮ್ಸ್’ ಪ್ರದರ್ಶನ ನಡೆಯಿತು. ಜನರಿಗೆ 1872ರಲ್ಲಿ ತೆರೆದ ಈ ಕಟ್ಟಡದ ಹಳೆಯ ಮರದ ಪೆಟ್ಟಿಗೆಗಳ ನಡುವೆ ಅವರ ಕೃತಿಗಳಿದ್ದವು.

ಈಚಿನ ಕೆಲಸ

2020ರ ಲಾಕ್‌ಡೌನ್‌ನಲ್ಲಿ ದೋಡಿಯಾ ಮತ್ತೆ ಜಲವರ್ಣ ಹಿಡಿದರು, ಈ ಬಾರಿ ಚಿಕ್ಕ ಕಾಗದದ ಮೇಲೆ. ‘ವಾಕಿಂಗ್ ವಿತ್ ದಿ ವೇವ್ಸ್’ ಹೆಸರಿನಲ್ಲಿ ಪ್ರದರ್ಶನಗೊಂಡ ಈ ಚಿತ್ರಗಳಲ್ಲಿ ಮುಂಚಿನ ಶಟರ್‌ಗಳ ಗದ್ದಲವಿಲ್ಲ. ಅದರ ಬೆನ್ನಿಗೇ ಹಳೆಯ ಹಿಂದಿ ಸಿನಿಮಾಗಳ ಒಳಾಂಗಣ ದೃಶ್ಯಗಳನ್ನು ಎತ್ತಿಕೊಂಡು ದೊಡ್ಡ ವರ್ಣಚಿತ್ರಗಳನ್ನು ಬರೆದರು. ‘ಆನಂದ್’ ಚಿತ್ರದ ಡಾ. ಬ್ಯಾನರ್ಜಿಯ ಹೆಸರೂ ಡಾ. ಕುಲಕರ್ಣಿಯವರ ನರ್ಸಿಂಗ್ ಹೋಮೂ ಆ ಸರಣಿಯ ಶೀರ್ಷಿಕೆಗೇ ಏರಿವೆ. ಇವುಗಳಲ್ಲಿ ಕುರ್ಚಿ, ಮೇಜು, ಪರದೆ, ಗೋಡೆಗೆ ತೂಗುಹಾಕಿದ ಚಿತ್ರಗಳಿಗೆ ನಟರಷ್ಟೇ ಗಮನ ಸಿಗುತ್ತದೆ.