ಟಕ್ಕರ್ ಕಾರು: ಎರಡು ಹರಾಜುಗಳ ನಡುವೆ

2012ರ ಜನವರಿಯಲ್ಲಿ ಅಮೆರಿಕದ ಅರಿಝೋನಾ ರಾಜ್ಯದ ಸ್ಕಾಟ್ಸ್‌ಡೇಲ್‌ನಲ್ಲಿ ಒಂದು ಹಳೆಯ ಕಾರು ಹರಾಜಾಯಿತು. ಹರಾಜು ಸಂಸ್ಥೆಯ ಶುಲ್ಕವೂ ಸೇರಿ ಕೊಂಡವರು ತೆತ್ತ ಬೆಲೆ 29 ಲಕ್ಷ 15 ಸಾವಿರ ಡಾಲರ್. ಅದು 1948ರ ಟಕ್ಕರ್ ಕಾರು. ಮೊದಲ ಮಾದರಿಯೂ ಸೇರಿ ತಯಾರಾದದ್ದು ಬರೇ 51. ಅಪರೂಪದ ವಸ್ತುವಿಗೆ ಬೆಲೆ ಹೆಚ್ಚು ಎಂದು ಹೇಳಿ ಮಾತು ಮುಗಿಸಬಹುದು. ಆದರೆ ಈ ಕಾರು ಅಪರೂಪವಾದದ್ದು ಹೇಗೆಂದು ಕೇಳಿದಾಗ ನಮ್ಮೆದುರು ಬೇರೆಯೇ ಕಥೆ ತೆರೆದುಕೊಳ್ಳುತ್ತದೆ.

ಎರಡನೆಯ ಮಹಾಯುದ್ಧದಿಂದಾಗಿ 1942ರಲ್ಲಿ ಅಮೆರಿಕದಲ್ಲಿ ಜನಬಳಕೆಯ ಕಾರುಗಳ ತಯಾರಿಕೆ ನಿಂತಿತ್ತು. ಯುದ್ಧ ಮುಗಿದಾಗ ಜನ ಹೊಸ ಕಾರಿಗಾಗಿ ಹಾತೊರೆಯುತ್ತಿದ್ದರು. ದೊಡ್ಡ ಕಂಪೆನಿಗಳು ಯುದ್ಧಪೂರ್ವದ ವಿನ್ಯಾಸಗಳನ್ನೇ ತುಸು ತಿದ್ದಿ ಮಾರುಕಟ್ಟೆಗೆ ಬಿಟ್ಟವು. ಆಗ ಮಿಚಿಗನ್‌ನ ಪ್ರೆಸ್ಟನ್ ಟಕ್ಕರ್ ಹೊಸದೊಂದು ಕಾರಿನ ಕನಸು ಬಿತ್ತಿದರು. ಶಿಕಾಗೋದಲ್ಲಿ ಬಾಂಬರ್ ವಿಮಾನಗಳ ಎಂಜಿನ್ ತಯಾರಿಸುತ್ತಿದ್ದ ಬೃಹತ್ ಕಾರ್ಖಾನೆಯನ್ನು ಸರಕಾರದಿಂದ ಬಾಡಿಗೆಗೆ ಪಡೆದರು.

ಅವರ ಕಾರಿನ ಎಂಜಿನ್ ಹಿಂಭಾಗದಲ್ಲಿತ್ತು. ಹೆಲಿಕಾಪ್ಟರಿನ ಎಂಜಿನನ್ನೇ ಮಾರ್ಪಡಿಸಿ ಅಳವಡಿಸಲಾಗಿತ್ತು. ಮೂಗಿನ ನಡುವಿನ ಮೂರನೆಯ ದೀಪ ಸ್ಟೀಯರಿಂಗ್ ತಿರುಗಿದತ್ತ ತಿರುಗಿ, ತಿರುವಿನ ಹಾದಿಗೆ ಬೆಳಕು ಚೆಲ್ಲುತ್ತಿತ್ತು. ಅಪಘಾತವಾದರೆ ಎದುರಿನ ಗಾಜು ಚೂರಾಗಿ ಮುಖಕ್ಕೆ ಚುಚ್ಚದೆ ಹೊರಕ್ಕೆ ಕಳಚಿ ಬೀಳುವಂತಿತ್ತು. ಡ್ಯಾಶ್‌ಬೋರ್ಡಿಗೆ ಮೆತ್ತೆಯ ಹೊದಿಕೆಯಿತ್ತು. ವಾಹನ ಸುರಕ್ಷತೆಗಾಗಿ ಅಮೆರಿಕದಲ್ಲಿ ರಾಷ್ಟ್ರಮಟ್ಟದ ಕಾನೂನು ಬಂದದ್ದು 1966ರಲ್ಲಿ ಎಂಬುದನ್ನು ಗಮನಿಸಿದರೆ ಈ ಯೋಚನೆಯ ಮಹತ್ವ ತಿಳಿಯುತ್ತದೆ.

ಹಾಗೆಂದು ಟಕ್ಕರ್‌ರನ್ನು ತಪ್ಪೇ ಮಾಡದ ಮಹಾಪುರುಷನೆಂದು ನಾವು ಚಿತ್ರಿಸಬೇಕಾಗಿಲ್ಲ. 1947ರ ಜೂನ್ 19ರಂದು ಅವರು ಜನರ ಮುಂದಿಟ್ಟ ಮಾದರಿ ಕಾರಿಗೆ ಹಿಂದಕ್ಕೆ ಚಲಿಸುವ ಗೇರೇ ಇರಲಿಲ್ಲ. ಷೇರು ಮಾರಿ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಹಣ ಎತ್ತಿದರು. ಅದೂ ಸಾಲದೆ, ಇನ್ನೂ ತಯಾರಾಗದ ಕಾರಿನ ರೇಡಿಯೊ, ಸೀಟಿನ ಹೊದಿಕೆಗಳನ್ನು ಮುಂಗಡವಾಗಿ ಮಾರಿದರು. ಜನರ ಉಳಿತಾಯದ ಹಣ ಎಲ್ಲಿ ಹೋಗುತ್ತಿದೆಯೆಂದು ಸರಕಾರ ಪ್ರಶ್ನಿಸಿದ್ದು ಸರಿಯೇ ಆಗಿತ್ತು.

ಆದರೆ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಶಿಕ್ಷೆ ಜಾರಿಯಾಯಿತು. 1948ರಲ್ಲಿ ತನಿಖೆಯ ಸುದ್ದಿ ಹಬ್ಬಿದ್ದೇ ತಡ ಷೇರಿನ ಬೆಲೆ ಕುಸಿಯಿತು. ಸಾಲ ಹುಟ್ಟಲಿಲ್ಲ. ಕಾರ್ಮಿಕರು ಕೆಲಸ ಕಳಕೊಂಡರು. ಕೆಲವರು ಸಂಬಳವಿಲ್ಲದೆಯೂ ದುಡಿದು, ಅರ್ಧಕ್ಕೆ ನಿಂತ ಕಾರುಗಳನ್ನು ಪೂರ್ಣಗೊಳಿಸಿದರು. 1949ರಲ್ಲಿ ಟಕ್ಕರ್ ಮತ್ತು ಸಂಗಡಿಗರ ಮೇಲೆ ವಂಚನೆಯ ಆರೋಪ ಹೊರಿಸಲಾಯಿತು. ಅಪರಾಧವೇ ನಡೆದಿಲ್ಲವೆಂದ ಮೇಲೆ ಸಮರ್ಥನೆ ಯಾಕೆ ಎಂಬ ನಿಲುವು ತಾಳಿದ ಅವರ ವಕೀಲರು ತಮ್ಮ ಕಡೆಯ ಒಬ್ಬ ಸಾಕ್ಷಿಯನ್ನೂ ಕರೆಯಲಿಲ್ಲ. 1950ರ ಜನವರಿ 22ರಂದು ಎಲ್ಲರೂ ನಿರ್ದೋಷಿಗಳೆಂದು ಜ್ಯೂರಿ ತೀರ್ಪಿತ್ತಿತು.

ಅಷ್ಟರಲ್ಲಿ ಕಾರ್ಖಾನೆ ಕೈಬಿಟ್ಟಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪೆನಿಯ ಅಳಿದುಳಿದ ಸೊತ್ತು ಹರಾಜಾಯಿತು. ಅದು ಮೊದಲ ಹರಾಜು. 1956ರ ಡಿಸೆಂಬರಿನಲ್ಲಿ, ತನ್ನ 53ನೆಯ ವಯಸ್ಸಿನಲ್ಲಿ, ಟಕ್ಕರ್ ಕ್ಯಾನ್ಸರ್‌ನಿಂದ ತೀರಿಕೊಂಡರು. ದೊಡ್ಡ ಕಂಪೆನಿಗಳ ಪಿತೂರಿಯೇ ಇದಕ್ಕೆಲ್ಲ ಕಾರಣವೆಂದು ನಂಬುವವರಿದ್ದಾರೆ. ಅದು ಸಾಬೀತಾಗಿಲ್ಲ. ಷೇರು ಕೊಂಡವರಲ್ಲಿ ಚಿತ್ರ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾರ ತಂದೆಯೂ ಒಬ್ಬರು. 1988ರಲ್ಲಿ ಮಗ ಈ ಕಥೆಯನ್ನೇ ಸಿನಿಮಾ ಮಾಡಿದರು.

ಎರಡನೆಯ ಹರಾಜಿನ ಲಕ್ಷಗಟ್ಟಲೆ ಡಾಲರಿನಲ್ಲಿ ಆ ಕಾರ್ಮಿಕರಿಗಾಗಲಿ, ಷೇರು ಕೊಂಡು ಕೈಸುಟ್ಟುಕೊಂಡವರಿಗಾಗಲಿ ಪಾಲಿರಲಿಲ್ಲ. ನ್ಯಾಯಾಲಯವು ಟಕ್ಕರ್‌ರಿಗೆ ಹೆಸರನ್ನು ಮರಳಿಸಿತು, ಬದುಕನ್ನಲ್ಲ. ತನಿಖೆ ಬೇಕು, ಜನರ ಹಣಕ್ಕೆ ಲೆಕ್ಕವೂ ಬೇಕು. ಆದರೆ ಆರೋಪವನ್ನೇ ತೀರ್ಪೆಂದು ಭಾವಿಸುವ ಸಮಾಜದಲ್ಲಿ ನಿಜವಾದ ತೀರ್ಪು ಬರುವ ಹೊತ್ತಿಗೆ ಹರಾಜು ಹಾಕುವುದಕ್ಕೆ ಮಾತ್ರ ಏನಾದರೂ ಉಳಿದಿರುತ್ತದೆ.