ಹುಣಸೂರಿನಿಂದ ದಂಡಿಗೆ ಹೋದ ಸರಂಜಾಮು

ಸೈನ್ಯವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕತ್ತಿ, ಕೋವಿ, ಫಿರಂಗಿಗಳು. ಅವುಗಳ ಹಿಂದೆ ನಡೆದುಹೋದ ಎತ್ತು, ಜೋಡು, ಕಂಬಳಿ, ಮರಮುಟ್ಟುಗಳನ್ನು ಚರಿತ್ರೆಯ ಪುಸ್ತಕಗಳು ಬಹುಮಟ್ಟಿಗೆ ಮರೆಯುತ್ತವೆ. 1967ರಲ್ಲಿ ‘ಕಲ್ವರಿ’ ಎಂಬ ಮೊದಲನೆಯ ಜಲಾಂತರ್ಗಾಮಿಯು ಭಾರತದ ನೌಕಾಬಲವನ್ನು ಸೇರಿತು. ಅಂತಹ ಹಡಗೊಂದಕ್ಕೆ ಉಕ್ಕಿನ ಒಡಲು, ಬ್ಯಾಟರಿಗಳು, ನೀರಿನೊಳಗಿನ ಸದ್ದನ್ನು ಗುರುತಿಸುವ ಯಂತ್ರ, ಉಸಿರಾಟಕ್ಕೆ ಗಾಳಿಯ ಏರ್ಪಾಡು, ಹೀಗೆ ನೂರಾರು ಬಾಬುಗಳು ಬೇಕು. ಇವನ್ನು ದುರಸ್ತಿಯಲ್ಲಿಡುವ ನುರಿತ ಕೈಗಳೂ ಬೇಕು. ಹಳೆಯ ಕಾಲದ ದಂಡಿನ ಪಾಡೂ ಇದೇ ಆಗಿತ್ತು. ಅದಕ್ಕೆ ಸಾಕ್ಷಿಯಾಗಿ ನಿಂತಿರುವ ಊರು ಲಕ್ಷ್ಮಣತೀರ್ಥದ ದಡದ ನಮ್ಮ ಹುಣಸೂರು.

ಮೊದಲ ಬಾಬು ಎತ್ತು. ಚಿಕ್ಕದೇವರಾಜ ಒಡೆಯರು ಅರಮನೆಯ ಹಸುಗಳಿಗಾಗಿ ‘ಬೆಣ್ಣೆ ಚಾವಡಿ’ಯನ್ನು ಏರ್ಪಡಿಸಿ, ಮೇವಿಗೆ ಕಾವಲುಗಳನ್ನು ಗೊತ್ತುಮಾಡಿದರು. ಟಿಪ್ಪುಸುಲ್ತಾನನು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟು, ಹುಕುಂನಾಮೆಯನ್ನು ಹೊರಡಿಸಿ ಕಟ್ಟುಪಾಡುಗಳನ್ನು ವಿಧಿಸಿದನು. 1781ರಲ್ಲಿ ಹೈದರನು ಈ ಎತ್ತುಗಳ ಬಲದಿಂದಲೇ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ನೆರವಿಗೆ ಹೋದನೆಂದು ಹೇಳುತ್ತಾರೆ. ಕೆಸರಿನಲ್ಲಿ ಹೂತ ಫಿರಂಗಿಯನ್ನು ಎಳೆಯಲು ಇವುಗಳಿಗೆ ಸಾಟಿಯಿರಲಿಲ್ಲ.

1799ರ ತರುವಾಯ ಈ ಮಂದೆಗಳು ಸರಿಯಾದ ಮೇಲ್ವಿಚಾರಣೆಯಿಲ್ಲದೆ ಕ್ಷೀಣಿಸಿದವು. 1813ರಲ್ಲಿ ಕಂಪನಿಯವರು ಇವನ್ನು ತಮ್ಮ ಕಮಿಸರಿಯಟ್ ಇಲಾಖೆಯ ಕ್ಯಾಪ್ಟನ್ ಹಾರ್ವಿಯ ವಶಕ್ಕೆ ಕೊಟ್ಟರು. ಹುಣಸೂರು ಅಮೃತಮಹಲಿನ ಮುಖ್ಯ ಠಾಣೆಯಾಯಿತು. ಹೋರಿಗರುಗಳನ್ನು ಮೂರು ವರ್ಷದ ಸುಮಾರಿಗೆ ಮಂದೆಯಿಂದ ಬೇರ್ಪಡಿಸಿ ಪಳಗಿಸುತ್ತಿದ್ದರು. ಏಳನೆಯ ವರ್ಷಕ್ಕೆ ಪೂರ್ಣ ಬಲ. ಹನ್ನೆರಡರ ಮೇಲೆ ಇಳಿಮುಖ. ಅಂದರೆ ಫಿರಂಗಿಗೊಂದು ಎತ್ತು ಬೇಕಾದರೆ ಸರ್ಕಾರ ಏಳು ವರ್ಷ ಮುಂಚೆಯೇ ಯೋಚಿಸಬೇಕಾಗಿತ್ತು!

ಎರಡನೆಯದು ಚರ್ಮ. ಹುಣಸೂರಿನ ಸರ್ಕಾರಿ ಕಾರ್ಖಾನೆಯಲ್ಲಿ ತೊಗಲನ್ನು ಹದಮಾಡಿ ಸಿಪಾಯಿಗಳ ಬೂಟು, ಮದ್ದಿನ ಚೀಲ, ಬೆನ್ನಚೀಲಗಳನ್ನು ಹೊಲಿಯುತ್ತಿದ್ದರು. ಮೂರನೆಯದು ಕಂಬಳಿ. ಒಳ್ಳೆಯ ಉಣ್ಣೆಗಾಗಿ ಆಸ್ಟ್ರೇಲಿಯಾದಿಂದ ಮೆರಿನೋ ಕುರಿಗಳನ್ನು ತರಿಸಿ ನಾಡತಳಿಯೊಡನೆ ಬೆರೆಸಿದರು. ನಾಲ್ಕನೆಯದು ಮರ. ನೆರೆಯ ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ತೇಗ, ಹೊನ್ನೆ, ಮತ್ತಿಗಳ ಕಾಡು ಇದ್ದುದರಿಂದ ಮರದ ಕೋಠಿಗೆ ಹುಣಸೂರು ತಕ್ಕ ಸ್ಥಳವಾಗಿತ್ತು. ಮೈಸೂರು–ಮಡಿಕೇರಿ ಹೆದ್ದಾರಿ ಊರಿನ ನಡುವೆಯೇ ಹಾದುಹೋಗುವುದು ಮತ್ತೊಂದು ಅನುಕೂಲ.

ಆದರೆ ಉಳಿತಾಯದ ಹೆಸರಿನಲ್ಲಿ 1860ರಲ್ಲಿ ಅಮೃತಮಹಲನ್ನು ಮುರಿದು ಮಂದೆಗಳನ್ನು ಹರಾಜಿಗೆ ಹಾಕಿದರು. ಲೆಕ್ಕದ ಪುಸ್ತಕದಲ್ಲಿ ಹುಲ್ಲುಗಾವಲಿನ ಖರ್ಚು ಕಂಡಿತು. ತಲೆಮಾರುಗಳ ಆಯ್ಕೆಯಿಂದ ಕೂಡಿಬಂದ ತಳಿಯ ಬೆಲೆ ಕಾಣಲಿಲ್ಲ. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತುಗಳು ಸಿಕ್ಕದಾದಾಗ ತಪ್ಪು ಅರಿವಿಗೆ ಬಂದಿತು. 1866ರ ಹೊತ್ತಿಗೆ ಚೆದರಿಹೋದ ದನಗಳನ್ನು ಹುಡುಕಿ ಕೊಂಡು ಮಂದೆಯನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಸೇರಿತು.

ಹುಣಸೂರಿನ ಕಾರ್ಖಾನೆಗಳೂ 1864ರಲ್ಲಿ ಮುಚ್ಚಿದವು. ವಿಶೇಷವೇನೆಂದರೆ, ಕೆಲಸ ಕಲಿತ ಕೈಗಳು ಊರಿನಲ್ಲಿಯೇ ಉಳಿದವು. ಸರ್ಕಾರ ಹೋದ ಮೇಲೂ ಇಲ್ಲಿನ ಜೋಡು, ಕಂಬಳಿ, ಗಾಡಿಗಳಿಗೆ ಬಹುಕಾಲ ಗಿರಾಕಿ ತಪ್ಪಲಿಲ್ಲ. ಕುಶಲತೆಯು ಮನೆಯಲ್ಲಿ ತಂದೆಯಿಂದ ಮಗನಿಗೆ ಬರುತ್ತದೆ. ತಳಿಗಾದರೋ ಕಾವಲು ಬೇಕು, ಕಾಯುವವರೂ ಬೇಕು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕೇಂದ್ರದಲ್ಲಿ ಅಮೃತಮಹಲ್ ತಳಿಯನ್ನು ಇಂದಿಗೂ ಕಾಪಾಡುತ್ತಿದ್ದಾರೆ. ಆದರೆ ಹಿಂದಿನ ಕಾವಲುಗಳಲ್ಲಿ ಎಷ್ಟೋ ಭಾಗ ಬೇಸಾಯಕ್ಕೂ ಇತರ ಕೆಲಸಗಳಿಗೂ ಹೋಗಿದೆ.

ದೇಶರಕ್ಷಣೆಗೆ ಇಂದು ಎತ್ತಿನ ಬದಲು ಯಂತ್ರ ಬಂದಿದೆ. ನೌಕಾಬಲಕ್ಕೆ ಬೇಕಾದ ಸೋನಾರ್ ಉಪಕರಣಗಳನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ತಯಾರಿಸುತ್ತಿದೆ. ಅಲ್ಲಿಯೂ ವಸ್ತುವಿಗಿಂತ ಅದನ್ನು ಮಾಡಬಲ್ಲ ಕೈಯೇ ಹೆಚ್ಚಿನದು. ಒಂದು ವರ್ಷದ ಉಳಿತಾಯಕ್ಕಾಗಿ ಅದನ್ನು ಬಿಟ್ಟುಕೊಟ್ಟರೆ, ಮರಳಿ ಪಡೆಯಲು ಎಷ್ಟು ವರ್ಷ ಹಿಡಿಯುವುದೆಂಬುದನ್ನು 1860ರ ಆ ಹರಾಜು ನಮಗೆ ಹೇಳುತ್ತದೆ.